ಹಾಸಿಗಿ ಹಿಡಿದವರ ಚರಿತ್ರೆ

ನಮ್ಮ ಕಡೆ ಮಾತಿನಲ್ಲಿ ಮುದುಕರ ಎಲುಬು ಮುರಿಯುವುದಿಲ್ಲ. ಅವರು ಬೀಳುತ್ತಾರೆ, ಆಮೇಲೆ ಹಾಸಿಗೆ ಹಿಡಿಯುತ್ತಾರೆ. ‘ಅಮ್ಮ ಬಿದ್ಲಂತ’, ‘ಹಾಸಿಗಿ ಹಿಡದಾಳಂತ’ ಎಂಬ ಎರಡು ಸುದ್ದಿ ಕೇಳಿದ ಬೀಗರು ಮೂರನೆಯ ಸುದ್ದಿಗೆ ತಯಾರಾಗಿಯೇ ಇರುತ್ತಿದ್ದರು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಆ ಮೈಗೆ ಏನಾಗುತ್ತದೆ ಎಂದು ಕೇಳುವವರಿರಲಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಪಡಸಾಲೆಗಳಲ್ಲಿ ಸುಮಾರು ಮೂವತ್ತು ವರ್ಷ ಫಿಜಿಯೋಥೆರಪಿ ಮಾಡಿಸಿದವಳು ನಾನು. ಆ ನಡುವಿನ ದಿನಗಳ ಚರಿತ್ರೆ ಬರೆದಿಡಬೇಕು ಅನ್ನಿಸಿದೆ. ಚಪ್ಪೆಯ ಕೀಲು ಬದಲಾಯಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಕಾಲಿಗೆ ಮಾಂಸ ಮರಳಿ ಬಂದದ್ದನ್ನು ಯಾರೂ ಹೇಳುವುದಿಲ್ಲ.

1974ರ ಶ್ರಾವಣ. ಅಕ್ಕಿಆಲೂರಿನ ನಮ್ಮ ಮನೆಯ ಬಚ್ಚಲಿನ ಹೊರಗೆ ಪಾಚಿ ಕಟ್ಟಿದ ಹಾಸುಗಲ್ಲಿನ ಮೇಲೆ ಅಮ್ಮ ಜಾರಿದಳು. ಅಜ್ಜಿಗೆ ನಾವು ಅಮ್ಮ ಅನ್ನುತ್ತೇವೆ, ತಾಯಿಗೆ ಅವ್ವ. ನನಗೆ ಆಗ ಒಂಬತ್ತು ವರ್ಷ. ಎತ್ತಿ ತಂದು ಹೊರಸಿನ ಮೇಲೆ ಮಲಗಿಸಿದಾಗ ಅವಳ ಎಡಗಾಲು ಎರಡು ಬೆರಳು ಗಿಡ್ಡ ಕಾಣುತ್ತಿತ್ತು, ಪಾದ ಹೊರಕ್ಕೆ ಹೊರಳಿ ಬಿದ್ದಿತ್ತು. ಪಕ್ಕದ ಹಳ್ಳಿಯಿಂದ ಎಲುಬು ಕಟ್ಟುವವನನ್ನು ಕರೆಸಿದರು. ಅವನ ಕೈಚೀಲದಲ್ಲಿ ಬಿದಿರಿನ ದಬ್ಬೆ, ಮಂಗರವಳ್ಳಿ, ಹಳೆಯ ಧೋತರದ ಪಟ್ಟಿ. ತತ್ತಿಯ ಬಿಳಿಗೆ ಉದ್ದಿನ ಹಿಟ್ಟು ಕಲಸಿಡಲು ಅವ್ವನಿಗೆ ಮೊದಲೇ ಹೇಳಿಕಳಿಸಿದ್ದ. ಬಂದವನು ಅಮ್ಮನ ತೊಡೆಸಂದಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ದಬ್ಬೆಗಳನ್ನು ಚೀಲಕ್ಕೆ ಹಾಕಿಕೊಂಡ. ‘ತೊಡಿ ಎಲಬು ಆಗಿದ್ರ ಕಟ್ಟತಿದ್ದೆ ತಂಗಿ. ಇದು ಚಪ್ಪಿ ಒಳಗಿಂದು. ಇಲ್ಲಿ ನನ್ನ ದಬ್ಬಿ ಹತ್ತೂದಿಲ್ಲ. ಹುಬ್ಬಳ್ಳಿಗೆ ಒಯ್ಯಿರಿ.’

ನಾಟಿ ವೈದ್ಯರ ಮೇಲೆ ನನ್ನ ಜೊತೆಯವರು ಸಿಟ್ಟಾಗುವುದನ್ನು ಕೇಳಿದ್ದೇನೆ, ಅದಕ್ಕೆ ಕಾರಣಗಳೂ ಇವೆ. ಆದರೆ ತನ್ನ ವಿದ್ಯೆಯ ಗಡಿ ಎಲ್ಲಿದೆ ಎಂದು ಬಲ್ಲ ಆ ಮನುಷ್ಯನನ್ನು ನಾನು ಗೌರವದಿಂದ ನೆನೆಯುತ್ತೇನೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ತೊಡೆ ಎಲುಬಿನ ಮೇಲ್ತುದಿಯಲ್ಲಿ ಒಂದು ಗುಂಡು, ಅದರ ಕೆಳಗೆ ಸಣ್ಣ ಕುತ್ತಿಗೆ. ಗುಂಡಿಗೆ ಹೋಗುವ ರಕ್ತನಾಳಗಳಲ್ಲಿ ಹೆಚ್ಚಿನವು ಆ ಕುತ್ತಿಗೆಯ ಮೈಗೆ ಅಂಟಿಕೊಂಡೇ ಹತ್ತುತ್ತವೆ. ಕುತ್ತಿಗೆ ಮುರಿದು ಸರಿದರೆ ನಾಳಗಳೂ ಹರಿಯುತ್ತವೆ, ಗುಂಡು ನೀರಿಲ್ಲದ ಸಸಿಯಾಗುತ್ತದೆ. ಮೇಲಿನಿಂದ ಎಷ್ಟು ಬಿಗಿದು ಕಟ್ಟಿದರೂ ಒಳಗೆ ಕೂಡುವುದಿಲ್ಲ.

ಹುಬ್ಬಳ್ಳಿ ಸುಮಾರು ಎಂಬತ್ತು ಕಿಲೋಮೀಟರ್. ಚಕ್ಕಡಿಯಲ್ಲಿ ಬಸ್ಸಿನವರೆಗೆ, ಬಸ್ಸಿನ ಮೆಟ್ಟಿಲ ಮೇಲೆ ಹೇಗೆ ಏರಿಸುವುದು, ಅಲ್ಲಿ ಯಾರು ಇರುವುದು, ನಾಟಿ ಕೆಲಸ ನಡೆದಿದೆ, ಗದ್ದೆಯಲ್ಲಿ ನೀರಿದೆ. ಭತ್ತ ಮನೆಗೆ ಬಂದ ಮೇಲೆ ನೋಡೋಣ ಎಂದ ಅಪ್ಪ. ಅಮ್ಮನೂ ‘ನನ್ನ ಎಲ್ಲಿಗೂ ಒಯ್ಯಬ್ಯಾಡ್ರಿ’ ಎಂದಳು. ಕಾಲಿನ ಎರಡೂ ಕಡೆ ಮರಳಿನ ಚೀಲ ಇಟ್ಟರು. ಆಸ್ಪತ್ರೆ ಕಂಡು ಬಂದಿದ್ದ ನಮ್ಮ ಸೋದರಮಾವ ಹೊರಸಿನ ತುದಿಯಿಂದ ಹಗ್ಗ ಇಳಿಬಿಟ್ಟು ಇಟ್ಟಂಗಿ ಕಟ್ಟಿದ. ಸಂಜೆ ಅಮ್ಮನ ಕಾಲು ಒತ್ತುವುದು ನನ್ನ ಪಾಲಿನ ಕೆಲಸ. ನಾಲ್ಕನೆಯ ವಾರದ ಹೊತ್ತಿಗೆ ತೊಡೆ ನನ್ನ ಕೈಗೆ ಬೇರೆಯಾಗಿ ಸಿಗುತ್ತಿತ್ತು. ಹಿಟ್ಟು ತೆಗೆದ ಚೀಲದ ಹಾಗೆ. ಆದರೆ ನನ್ನನ್ನು ಇವತ್ತಿಗೂ ಬಿಡದಿರುವುದು ಕಾಲಲ್ಲ, ಅವಳ ತೋಳಬಂದಿ. ಬೀಸುವ ಕಲ್ಲು ತಿರುವಿದ ತೋಳು ಅದು. ಬೆಳ್ಳಿಯ ತೋಳಬಂದಿ ಮಾಂಸದಲ್ಲಿ ಹೂತು ಕೂತಿರುತ್ತಿತ್ತು. ದೀಪಾವಳಿಯ ಹೊತ್ತಿಗೆ ಅದು ಸಡಿಲಾಗಿ ಮೊಣಕೈಗೆ ಬಂದು ನಿಂತಿತು. ತೋಳು ಮುರಿದಿರಲಿಲ್ಲವಲ್ಲ, ಅದು ಯಾಕೆ ಸಣ್ಣಾಯಿತು ಎಂದು ಅವ್ವನನ್ನು ಕೇಳಿದೆ. ‘ವಯಸ್ಸಾತು, ಅದಕ್ಕ’ ಎಂದಳು. ಅಮ್ಮ ಮಾಘದಲ್ಲಿ ಹೋದಳು, ಬೆನ್ನಿನ ಹುಣ್ಣಿನಿಂದ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಆರೋಗ್ಯವಾಗಿದ್ದ 12 ಮಂದಿ ಹಿರಿಯರನ್ನು ಅಮೆರಿಕದಲ್ಲಿ 10 ದಿನ ಹಾಸಿಗೆಯಲ್ಲೇ ಇರಿಸಿ ಅಳೆದರು. ಜ್ವರವಿಲ್ಲ, ಮುರಿತವಿಲ್ಲ, ಊಟ ಸರಿಯಾಗಿ ಕೊಟ್ಟಿದ್ದರು. ಆದರೂ ಕಾಲುಗಳಿಂದ ಸರಾಸರಿ 1 ಕಿಲೋದಷ್ಟು ಮಾಂಸ ಕರಗಿತ್ತು. 2007ರಲ್ಲಿ ಅದು ಪ್ರಕಟವಾದಾಗ ನಾನು ಅಕ್ಕಿಆಲೂರಿನ ಹೊರಸನ್ನು ನೆನೆದು ಲೆಕ್ಕ ಹಾಕಿದೆ: ಶ್ರಾವಣದಿಂದ ಮಾಘ. ವಯಸ್ಸು ಅಮ್ಮನ ತೋಳನ್ನು ತಿಂದಿರಲಿಲ್ಲ, ಹೊರಸು ತಿಂದಿತ್ತು.

ಹಳೆಯವರಿಗೆ ಇದು ತಿಳಿದೇ ಇರಲಿಲ್ಲ ಎನ್ನುವಂತಿಲ್ಲ. ಲಂಡನ್ನಿನ ಸರ್ಜನ್ ಆಸ್ಟ್ಲಿ ಕೂಪರ್ 1822ರಲ್ಲಿ ಎಲುಬು ಮುರಿತಗಳ ಬಗ್ಗೆ ಬರೆದ ಗ್ರಂಥದಲ್ಲಿ, ಕೀಲಿನ ಒಳಗಿನ ಈ ಮುರಿತ ಕೂಡುವುದಿಲ್ಲ ಎಂದು ನಮ್ಮ ಎಲುಬು ಕಟ್ಟುವವನಷ್ಟೇ ಖಚಿತವಾಗಿ ಹೇಳಿದ. ಕಾಲು ಜಗ್ಗಿ ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದ ಮುದುಕರು ಬಳಲಿ ಸಾಯುವುದನ್ನು ಕಂಡಿದ್ದ ಅವನು, ಎರಡು ವಾರ ನೋವು ತಗ್ಗುವವರೆಗೆ ದಿಂಬಿನ ಆಸರೆ ಕೊಟ್ಟು, ಆಮೇಲೆ ಎತ್ತರದ ಕುರ್ಚಿಯಲ್ಲಿ ಕೂಡ್ರಿಸಿ, ಊರುಗೋಲು ಕೊಟ್ಟು ನಡೆಸಿ ಎಂದ. ಎಲುಬನ್ನು ಬಿಟ್ಟುಕೊಟ್ಟು ಮನುಷ್ಯನನ್ನು ಉಳಿಸಿಕೊಳ್ಳುವ ಯೋಚನೆ ಅದು. ನಮ್ಮ ಪಡಸಾಲೆಗೆ ಅದು ಬಂದಿದ್ದರೆ ಅಮ್ಮ ಕುಂಟುತ್ತಲಾದರೂ ಇನ್ನೊಂದಿಷ್ಟು ಸುಗ್ಗಿ ಕಾಣುತ್ತಿದ್ದಳೇನೋ.

ಅದಕ್ಕಿಂತ ಹಳೆಯದು ನಮ್ಮಲ್ಲೇ ಇದೆ. ಸುಶ್ರುತ ಸಂಹಿತೆಯ ಭಗ್ನ ಚಿಕಿತ್ಸೆಯಲ್ಲಿ ತೊಡೆ, ಕಾಲು ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ ಐದು ಗೂಟ ಬಡಿದು ಅಲುಗದಂತೆ ಕಟ್ಟುವ ‘ಕಪಾಟಶಯನ’ದ ವಿಧಿ ಇದೆ. ಅದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ ಅಂಗೈ ಮುರಿದು ಕೂಡಿದವರ ಬಗ್ಗೆ ಇನ್ನೊಂದು ಮಾತಿದೆ: ಮೊದಲು ಮಣ್ಣಿನ ಮುದ್ದೆ ಹಿಡಿಸಬೇಕು, ಆಮೇಲೆ ಉಪ್ಪಿನ ಹರಳು, ಬಲ ಬಂದ ಮೇಲೆ ಕಲ್ಲು. ನನಗೆ ಇದು ಕಪಾಟಶಯನಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡನೆಯ ಮಹಾಯುದ್ಧದ ಕೊನೆಗೆ ಗಾಯಾಳು ಸೈನಿಕರ ಸೊರಗಿದ ತೊಡೆಗಳಿಗೆ ದಿನದಿಂದ ದಿನಕ್ಕೆ ಭಾರ ಏರಿಸುತ್ತ ಹೋದ ಅಮೆರಿಕದ ಸೇನಾವೈದ್ಯ ಥಾಮಸ್ ಡೆಲಾರ್ಮ್ 1945ರಲ್ಲಿ ಬರೆದದ್ದು ಇದೇ ತತ್ತ್ವ. ಭಾರ ಏರದಿದ್ದರೆ ಬಲ ಏರುವುದಿಲ್ಲ. ಸುಶ್ರುತ ಅದನ್ನು ಅಂಗೈಗೆ ಹೇಳಿದ, ಡೆಲಾರ್ಮ್ ಜವಾನರ ಕಾಲಿಗೆ ಹೇಳಿದ. ಎಂಬತ್ತರ ಮುದುಕಿಯ ಚಪ್ಪೆಗೆ ಹೇಳುವವರು ಇನ್ನೂ ಬಂದಿರಲಿಲ್ಲ.

ಲೋಹದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ, ಅದು ಎಲ್ಲರಿಗೂ ಗೊತ್ತಿರುವುದು. ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ 1920ರ ದಶಕದಲ್ಲಿ ಮೂರು ರೆಕ್ಕೆಯ ಮೊಳೆಯಿಂದ ಮುರಿದ ಕುತ್ತಿಗೆಯನ್ನು ಗುಂಡಿಗೆ ಜೋಡಿಸಿದರು. 1940ರಲ್ಲಿ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್ ಲೋಹದ ಗುಂಡನ್ನೇ ಕೂಡ್ರಿಸಿದರು. 1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ನಿನಲ್ಲಿ ಜಾನ್ ಚಾರ್ನ್ಲಿ ಗುಂಡಿನ ಜೊತೆ ಬಟ್ಟಲನ್ನೂ ಬದಲಿಸುವ ಪೂರ್ಣ ಕೀಲು ಜೋಡಣೆಗೆ ನೆಲೆ ಒದಗಿಸಿದರು. ನಮ್ಮ ಕಡೆ ಬಡವರ ಪಾಲಿಗೆ ಬಹಳ ವರ್ಷ ಬಂದದ್ದು ಮೂರ್ ಹೆಸರಿನ ಉಕ್ಕಿನ ಗುಂಡೇ. ‘ಬಾಲ್ ಹಾಕ್ಯಾರ’ ಎನ್ನುತ್ತಾರೆ ನಮ್ಮ ಜನ, ಈಗಲೂ.

ಏಕೀಕರಣಕ್ಕೆ ಮೊದಲು ನಮ್ಮದು ಮುಂಬಯಿ ಪ್ರಾಂತ. ದೊಡ್ಡ ಆಪರೇಷನ್ ಅಂದರೆ ನಮ್ಮ ಹಿರಿಯರ ಬಾಯಲ್ಲಿ ಬರುತ್ತಿದ್ದ ಊರು ಮಿರಜ. ವಿಲಿಯಂ ವಾನ್ಲೆಸ್ ಎಂಬ ಮಿಷನ್ ವೈದ್ಯ 1894ರಲ್ಲಿ ಕಟ್ಟಿದ ಆಸ್ಪತ್ರೆ ಅಲ್ಲಿತ್ತು. 1957ರಲ್ಲಿ ಹುಬ್ಬಳ್ಳಿಗೆ ಕರ್ನಾಟಕ ಮೆಡಿಕಲ್ ಕಾಲೇಜು ಬಂದ ಮೇಲೆ ಮಿರಜ ಮರೆಯಿತು. ಹೆಸರು ಎಷ್ಟು ಸಲ ಬದಲಾದರೂ ನಮ್ಮವರಿಗೆ ಅದು ಕೆಎಂಸಿಯೇ. ಹಿರೇಕೆರೂರಿನವರು ಮಾತ್ರ ದಾವಣಗೆರೆ, ಶಿವಮೊಗ್ಗದ ಕಡೆಗೂ ಹೋಗುತ್ತಾರೆ; ಅವರ ಬಸ್ಸು ಆ ಕಡೆ ಹೆಚ್ಚು.

ನಾನು ಕಲಿತದ್ದು ಮುಂಬಯಿಯಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಭಾರತದಲ್ಲಿ ಈ ವಿದ್ಯೆ ಹುಟ್ಟಿದ್ದು ಮುದುಕರಿಗಾಗಿ ಅಲ್ಲ, ಪೋಲಿಯೊ ಮಕ್ಕಳಿಗಾಗಿ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶಾಲೆ ತೆರೆದರು. ನಮಗೆ ಕಲಿಸಿದವರ ಕೈಯೆಲ್ಲ ಮಕ್ಕಳ ಕಾಲಿನಲ್ಲಿ ಪಳಗಿದ್ದವು. ಒಂದೊಂದು ಮಾಂಸಖಂಡವನ್ನೂ ಹೆಸರು ಹಿಡಿದು ಕರೆದು ಎಬ್ಬಿಸುವುದನ್ನು ಅವರಿಂದಲೇ ಕಲಿತೆ. ಜರ್ಮನಿಯ ಸರ್ಜನ್ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ತೋರಿಸಿಕೊಟ್ಟ ಪರೀಕ್ಷೆಯನ್ನೂ ಅಲ್ಲೇ ನೋಡಿದ್ದು: ಒಂದೇ ಕಾಲ ಮೇಲೆ ನಿಂತಾಗ ಇನ್ನೊಂದು ಕಡೆಯ ಸೊಂಟ ಜಗ್ಗಿದರೆ, ತಪ್ಪು ನಿಂತ ಕಾಲಿನ ಪೃಷ್ಠದ ಖಂಡದ್ದು. ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಆ ಖಂಡ ಇಡೀ ಮೈಯನ್ನು ಸಮತೂಕದಲ್ಲಿ ಹಿಡಿಯುತ್ತದೆ, ತಕ್ಕಡಿ ಹಿಡಿದ ಕೈಯ ಹಾಗೆ. ಗುಂಡು ಕೂಡ್ರಿಸಲು ಸರ್ಜನ್ ಒಳಗೆ ಹೋಗುವ ದಾರಿಯೂ ಈ ಖಂಡಗಳ ನಡುವೆಯೇ. ಹಿಂದಿನಿಂದ ಹೋದರೆ ತೊಡೆಯನ್ನು ಹೊರಳಿಸುವ ಸಣ್ಣ ಖಂಡಗಳನ್ನು ಕೊಯ್ದು ಮತ್ತೆ ಹೊಲಿಯಬೇಕು. ಪಕ್ಕದಿಂದ ಹೋದರೆ ಪೃಷ್ಠದ ನಡುಖಂಡವನ್ನೇ ಸೀಳಬೇಕು. ಬಿದ್ದ ಪೆಟ್ಟು, ಕೊಯ್ದ ಗಾಯ, ಮಲಗಿದ ದಿನ, ಮೂರೂ ಸೇರಿ ಅದೇ ಖಂಡದ ಮೇಲೆ ಬೀಳುತ್ತವೆ.

1988ರಲ್ಲಿ ಊರ ಕಡೆ ಮರಳಿ ಬಂದು ಕೆಲಸಕ್ಕೆ ಸೇರಿದಾಗ ಕಂಡದ್ದು ನನ್ನನ್ನು ಬಹಳ ನೋಯಿಸಿತು. ಆಪರೇಷನ್ ಆಗುತ್ತಿತ್ತು, ಎಕ್ಸರೇದಲ್ಲಿ ಗುಂಡು ಚೆಂದ ಕೂತಿರುತ್ತಿತ್ತು, ಮುದುಕಿ ಮೂರು ವಾರ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ಬಂಕಾಪುರದ ಒಬ್ಬ ಹೆಣ್ಣುಮಗಳು ಒಂದು ಆಸ್ಪತ್ರೆಯಿಂದ ‘ಪೂರ್ಣ ವಿಶ್ರಾಂತಿ’ ಎಂದು ಬರೆಸಿಕೊಂಡು ಮನೆಗೆ ಬಂದಳು. ಅವಳ ಇಬ್ಬರು ಸೊಸೆಯರು ಆ ಎರಡು ಶಬ್ದಗಳನ್ನು ಎಷ್ಟು ಭಕ್ತಿಯಿಂದ ಪಾಲಿಸಿದರೆಂದರೆ ಅವಳ ಬಾಯಿಗೆ ನೀರನ್ನೂ ಮಲಗಿದಲ್ಲೇ ಹಾಕಿದರು. ಮೂರು ತಿಂಗಳ ಮೇಲೆ ನನ್ನನ್ನು ಕರೆದರು. ಕೀಲು ಉಕ್ಕಿನದು, ಏನೂ ಆಗಿರಲಿಲ್ಲ. ಅದನ್ನು ಎತ್ತುವ ಮಾಂಸ ಇರಲಿಲ್ಲ. ಮೊಣಕಾಲು ಮಡಚಿದಲ್ಲೇ ಸೆಟೆದಿತ್ತು. ನಾನು ಬರುವ ಹೊತ್ತಿಗೆ ತಡವಾಗಿತ್ತು, ಅವಳು ಏಳಲಿಲ್ಲ. ಆ ಸೊಸೆಯರಷ್ಟು ಪ್ರೀತಿಯಿಂದ ಅತ್ತೆಯನ್ನು ನೋಡಿಕೊಂಡವರನ್ನು ನಾನು ಕಂಡಿಲ್ಲ. ಅದಕ್ಕೇ ಆ ಮನೆಯ ನೆನಪು ಇನ್ನೂ ಸುಡುತ್ತದೆ.

ಮಲಗಿಸಿಡುವುದರ ಅಪಾಯವನ್ನು ಇಂಗ್ಲೆಂಡಿನ ವೈದ್ಯ ರಿಚರ್ಡ್ ಆಶರ್ 1947ರಲ್ಲೇ ಒಂದು ಚಿಕ್ಕ ಲೇಖನದಲ್ಲಿ ಎಳೆ ಎಳೆಯಾಗಿ ಬಿಡಿಸಿಟ್ಟಿದ್ದರು. ಅದೇ ದೇಶದ ಹೇಸ್ಟಿಂಗ್ಸ್ ಊರಿನಲ್ಲಿ ಮೈಕೆಲ್ ಡೆವಾಸ್ ಎಂಬ ಎಲುಬಿನ ಸರ್ಜನ್ ಮುದುಕರ ವೈದ್ಯರನ್ನು ಜೊತೆಗೆ ಕಟ್ಟಿಕೊಂಡು, ಆಪರೇಷನ್ ಆದ ಮುದುಕರನ್ನು ಬೇಗ ಎಬ್ಬಿಸಿ ಕಾಲ ಮೇಲೆ ಭಾರ ಹಾಕಿಸುವ ಪದ್ಧತಿ ತಂದರು. ಆದರೆ ನನ್ನಂಥವಳಿಗೆ ಧೈರ್ಯ ಕೊಟ್ಟದ್ದು 1990ರಲ್ಲಿ ಬಾಸ್ಟನ್ನಿನಿಂದ ಬಂದ ಒಂದು ವರದಿ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ 10 ಮಂದಿಗೆ ವಾರಕ್ಕೆ ಮೂರು ದಿನದಂತೆ 8 ವಾರ ಕಾಲಿನಿಂದ ಭಾರ ಎತ್ತಿಸಿದರು. ತೊಡೆಯ ಬಲ ಸರಾಸರಿ 174 ಪ್ರತಿಶತ ಏರಿತು. ಇಬ್ಬರು ಕೋಲು ಬಿಟ್ಟರು. ಆ ಹಾಳೆಯನ್ನು ನಾನು ಎಷ್ಟೋ ವರ್ಷ ಚೀಲದಲ್ಲಿ ಇಟ್ಟುಕೊಂಡು ತಿರುಗಿದೆ. ‘ಈ ವಯಸ್ಸಿನಾಗ ಇನ್ನೇನ ಶಕ್ತಿ ಬರತೈತ್ರಿ’ ಎಂದ ಮಕ್ಕಳಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ.

ಓದಿ ಹೇಳಿದ್ದು ಎಲ್ಲ ಮನೆಯಲ್ಲೂ ನಾಟಲಿಲ್ಲ. ನಾಟುವಂಥ ಮಾತು ನನಗೆ ಸಿಕ್ಕಿದ್ದು ಸವಣೂರಿನಲ್ಲಿ, ಒಬ್ಬ ವಸ್ತಾದನ ಮನೆಯಲ್ಲಿ. ನವಾಬರ ಊರು, ದೊಡ್ಡಹುಣಸೆ ಮರಗಳ ಊರು, ಎಲೆಬಳ್ಳಿ ತೋಟಗಳ ಊರು. ಗರಡಿಮನಿಗಳೂ ಅಷ್ಟೇ ಹಳೆಯವು. ಎಲೆತೋಟದ ಕಾಲುವೆ ದಾಟುವಾಗ ಬಿದ್ದು ಚಪ್ಪೆ ಮುರಿದುಕೊಂಡ ಆ ಹಿರಿಯರಿಗೆ ಎಪ್ಪತ್ತಾರು. 2003ರಲ್ಲಿ ಹುಬ್ಬಳ್ಳಿಯಲ್ಲಿ ಗುಂಡು ಹಾಕಿಸಿಕೊಂಡು ಬಂದಿದ್ದರು. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂಡಬೇಕು, ಐದು ಸಲ, ದಿನಕ್ಕೆ ಮೂರು ಹೊತ್ತು ಎಂದು ಹೇಳಿಕೊಟ್ಟೆ. ಅವರು ಒಮ್ಮೆ ಮಾಡಿ ನೋಡಿ, ‘ಇದು ಅರ್ಧ ಬಸ್ಕಿ ಅಲ್ಲೇನವ್ವ?’ ಎಂದರು. ಹೌದು ವಸ್ತಾದರೆ, ಅರ್ಧ ಬಸ್ಕಿಯೇ. ‘ಹಂಗಾದ್ರ ಎಣಿಕಿ ನನಗ ಬಿಡು. ಹೊಸ ಹುಡುಗಗ ನಾ ಮೊದಲನೇ ದಿನ ನೂರು ಹೊಡಸತಿದ್ದಿಲ್ಲ. ಐದು ಹೊಡಿಸಿ, ವಾರಕ್ಕ ಎರಡು ಏರಸತಿದ್ದೆ.’

ಸುಶ್ರುತನೂ ಡೆಲಾರ್ಮನೂ ಹೇಳಿದ್ದನ್ನು ಆ ಮನುಷ್ಯ ಮಟ್ಟಿಯ ಮಣ್ಣಿನಲ್ಲಿ ಕಲಿತಿದ್ದರು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗರೂ ಸಣ್ಣ ಕಲ್ಲಿನಿಂದಲೇ ಶುರುಮಾಡುವುದು. ವಿದ್ಯೆ ಊರಲ್ಲೇ ಇತ್ತು, ಶತಮಾನಗಳಿಂದ ಇತ್ತು. ಅದು ಗರಡಿಯ ಬಾಗಿಲು ದಾಟಿ ಪಡಸಾಲೆಯ ಮುದುಕಿಯವರೆಗೆ ಬಂದಿರಲಿಲ್ಲ, ಅಷ್ಟೇ. ಅವತ್ತಿನಿಂದ ನಾನು ಎಲ್ಲ ಮನೆಯಲ್ಲೂ ‘ಅರ್ಧ ಬಸ್ಕಿ’ ಎಂದೇ ಹೇಳತೊಡಗಿದೆ. ವ್ಯಾಯಾಮ ಅಂದರೆ ನಾಚುತ್ತಿದ್ದ ಹೆಂಗಸರು ಬಸ್ಕಿ ಅಂದರೆ ನಕ್ಕು ಎದ್ದು ನಿಲ್ಲುತ್ತಿದ್ದರು.

ವಸ್ತಾದರ ಚಿಂತೆ ಬೇರೆ ಇತ್ತು, ನಮಾಜು. ಗುಂಡು ಹಾಕಿದ ಮೇಲೆ ನೆಲಕ್ಕೆ ಮಂಡಿಯೂರಿ ಬಾಗಿದರೆ ಕೀಲು ಜಾರುವ ಭಯ. ಕುರ್ಚಿಯಲ್ಲಿ ಕೂತು ಮಾಡಬಹುದು ಎಂದು ಮಸೀದಿಯ ಹಿರಿಯರೇ ಬಂದು ಹೇಳಿದ ಮೇಲೆ ಸಮಾಧಾನವಾಯಿತು. ಹಾನಗಲ್ಲಿನ ಅಜ್ಜಿಯರಿಗೆ ಇದೇ ಕಷ್ಟ ಲಿಂಗಪೂಜೆಯ ಮಣೆಯಿಂದ. ಮಣೆಯ ಮೇಲೆ ಕೂತರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತದೆ, ಅದು ಕೂಡದು. ಎಷ್ಟೋ ಮನೆಗಳಲ್ಲಿ ಪೂಜೆಯ ಸಾಮಾನನ್ನು ಮೇಜಿನ ಮೇಲೆ ಇಡಿಸಿದ್ದೇನೆ. ಸಂಡಾಸಿನ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಯಾಕೆಂದರೆ ಅದಕ್ಕೆ ಹೆದರಿ ಮುದುಕಿಯರು ನೀರು ಕುಡಿಯುವುದನ್ನೂ ಊಟವನ್ನೂ ಬಿಡುತ್ತಾರೆ. ಶಿಗ್ಗಾಂವಿಯಲ್ಲಿ ಒಬ್ಬ ಬಡಿಗ ಪ್ಲಾಸ್ಟಿಕ್ ಕುರ್ಚಿಯ ನಡುವೆ ದುಂಡಗೆ ಕೊಯ್ದು, ಕಾಲುಗಳಿಗೆ ಮರದ ತುಂಡು ಸಿಗಿಸಿ ಎತ್ತರ ಮಾಡಿಕೊಟ್ಟ. ಅವನ ಕುರ್ಚಿಗಳು ನಾಲ್ಕೂ ತಾಲ್ಲೂಕು ಸುತ್ತಿವೆ, ಒಂದು ಮನೆಯಿಂದ ಇನ್ನೊಂದು ಮನೆಗೆ. ಕೂಪರ್ ಹೇಳಿದ ಎತ್ತರದ ಕುರ್ಚಿ ನಮ್ಮಲ್ಲಿಗೆ ಬಂದದ್ದು ಹೀಗೆ.

ಊಟದ ವಿಷಯದಲ್ಲಿ ಸೋತದ್ದೇ ಹೆಚ್ಚು. ಗಾಯ ಇದ್ದವರಿಗೆ ‘ನಂಜು’ ಆಗುತ್ತದೆಂದು ಬದನೆಕಾಯಿ ಬಿಡಿಸುತ್ತಾರೆ, ಹೋಗಲಿ. ಅದರ ಜೊತೆ ತತ್ತಿ, ಶೇಂಗಾ, ಕಾಳುಪಲ್ಯವೂ ಹೋಗುತ್ತವೆ. ಉಳಿಯುವುದು ಗಂಜಿ, ನುಚ್ಚು, ಸಪ್ಪನೆ ಬೇಳೆಕಟ್ಟು. ಕಾಯಿಲೆಯಿಂದ ಏಳುವ ಮುದುಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.2 ಗ್ರಾಮಿನಷ್ಟಾದರೂ ಪ್ರೋಟೀನ್ ಬೇಕು; 50 ಕಿಲೋದ ಅಜ್ಜಿಗೆ 60 ಗ್ರಾಂ. ಗಂಜಿಯಲ್ಲಿ ಅದು ಹುಟ್ಟುವುದಿಲ್ಲ. ಎಳೆಯರ ಮಾಂಸಖಂಡ ಸ್ವಲ್ಪ ತಿಂದರೂ ಬೆಳೆಯುತ್ತದೆ, ಮುದುಕರದು ಒಂದೊಂದು ಹೊತ್ತಿಗೆ ಹೆಚ್ಚು ತಿಂದರೆ ಮಾತ್ರ ಮಾತು ಕೇಳುತ್ತದೆ. ವಾದ ಮಾಡಿ ಗೆಲ್ಲಲಾಗದೆ ನಾನು ಬೇರೆ ದಾರಿ ಹಿಡಿದೆ. ‘ಬಾಣಂತಿಗೆ ಏನ ಕೊಡತೀರಿ?’ ಎಂದು ಕೇಳುತ್ತೇನೆ. ಅಂಟಿನ ಉಂಡಿ, ಒಣಕೊಬ್ಬರಿ, ಹಾಲು ಎಂದು ಹೆಂಗಸರು ಒಂದೇ ಉಸುರಿಗೆ ಹೇಳುತ್ತಾರೆ. ‘ಇಕಿನೂ ಬಾಣಂತಿನ ಅಂತ ತಿಳೀರಿ. ಮೈ ಹರದು ಬಂದಾಳ.’ ಆಮೇಲೆ ಉಂಡಿಗೆ ಶೇಂಗಾ ಪುಡಿ, ಪುಟಾಣಿ ಹಿಟ್ಟು ಸೇರಿಸಲು ಒಪ್ಪುತ್ತಾರೆ. ಗಟ್ಟಿ ಮೊಸರು, ಮೊಳಕೆ ಹೆಸರು, ಅಗಸಿ ಚಟ್ನಿ ಒಂದೊಂದಾಗಿ ಮರಳುತ್ತವೆ. ಹಲ್ಲಿಲ್ಲದವರಿಗೆ ಶೇಂಗಾವನ್ನು ಹಾಲಿನಲ್ಲಿ ಅರೆದು ಕೊಡಿಸುತ್ತೇನೆ.

ಕೋಲಿನದು ಇನ್ನೊಂದು. ನೋವಿನ ಕಾಲಿನ ಕಡೆಗೇ ಕೋಲು ಹಿಡಿಯುವುದು ಎಲ್ಲರ ರೂಢಿ. ಅದು ಎದುರು ಕೈಯಲ್ಲಿರಬೇಕು. ಆಗ ಪೃಷ್ಠದ ಖಂಡದ ಮೇಲಿನ ಹೊರೆ ಇಳಿಯುತ್ತದೆ. ಅಮೆರಿಕದ ಎಲುಬು ತಜ್ಞ ವಾಲ್ಟರ್ ಬ್ಲೌಂಟ್ 1956ರಲ್ಲಿ ಕೋಲನ್ನು ಎಸೆಯಬೇಡಿ ಎಂದು ಇದೇ ಲೆಕ್ಕ ಬಿಡಿಸಿ ಬರೆದರು. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಬಾಡದ ಒಬ್ಬ ಅಜ್ಜ, ಕನಕದಾಸರು ಹುಟ್ಟಿದ ಊರಿನವನು, ಇದನ್ನು ‘ಮ್ಯಾಲ ಹೋಗಾಕ ಒಳ್ಳೆದು ಮುಂದ, ಕೆಳಗ ಇಳಿಯಾಕ ಕೆಟ್ಟದ್ದು ಮುಂದ’ ಎಂದು ಹಾಡಿನಂತೆ ಹೇಳಿಕೊಳ್ಳುತ್ತ ಗುಡಿಯ ಮೆಟ್ಟಿಲು ಹತ್ತಿದ.

ಕಾಲ ಬದಲಾಗಿದೆ, ಅದನ್ನು ಸಂತೋಷದಿಂದ ಹೇಳುತ್ತೇನೆ. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು, ಈಗ ಅಲ್ಲೇ ವೈದ್ಯಕೀಯ ಕಾಲೇಜಿದೆ. ಹೆದ್ದಾರಿ ಅಗಲವಾಯಿತು. 2008ರ ನವೆಂಬರಿನಲ್ಲಿ 108 ಗಾಡಿ ಬಂದ ಮೇಲೆ ಬಸ್ಸಿನ ಮೆಟ್ಟಿಲಿನ ಚಿಂತೆ ಇಲ್ಲ. 2018ರಿಂದ ಆರೋಗ್ಯ ಕರ್ನಾಟಕದ ಕಾರ್ಡು ಬಂದಿದೆ. ಮುರಿದವರಿಗೆ ಬೇಗ ಆಪರೇಷನ್ ಆದಷ್ಟೂ ಒಳ್ಳೆಯದೆಂದು ಸರ್ಜನ್ನರೇ ಅವಸರ ಮಾಡುತ್ತಾರೆ. 2020ರಲ್ಲಿ ಭಾರತವೂ ಸೇರಿ 17 ದೇಶಗಳಲ್ಲಿ ನಡೆದ ಅಧ್ಯಯನ ಕೆಲವೇ ತಾಸಿನೊಳಗೆ ಆಪರೇಷನ್ ಆದವರು ಬೇಗ ಎದ್ದು ನಿಂತರು, ಅವರಲ್ಲಿ ಬುದ್ಧಿಭ್ರಮೆ ಕಡಿಮೆ ಎಂದು ತೋರಿಸಿತು. ಮರುದಿನವೇ ವಾಕರ್ ಕೈಗೆ ಕೊಟ್ಟು ನಿಲ್ಲಿಸುತ್ತಾರೆ. ಮೂವತ್ತು ವರ್ಷದ ಹಿಂದೆ ನಾನು ಇದನ್ನು ಬೇಡಿಕೊಳ್ಳುತ್ತಿದ್ದೆ.

ಆದರೆ ನಾಲ್ಕನೆಯ ದಿನವೋ ಏಳನೆಯ ದಿನವೋ ಅವರು ಮನೆಗೆ ಬರುತ್ತಾರೆ. ಅಲ್ಲಿಂದ ಮುಂದಿನ ಮೂರು ತಿಂಗಳು, ಮಾಂಸ ಮರಳಿ ಕಟ್ಟುವ ಮೂರು ತಿಂಗಳು, ಯಾರ ಲೆಕ್ಕದಲ್ಲೂ ಇಲ್ಲ. ಚಪ್ಪೆ ಮುರಿದ ಹಿರಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೊದಲಿನ ನಡಿಗೆಗೆ ಮರಳುವುದಿಲ್ಲ ಎಂದು ಜಗತ್ತಿನ ಎಲ್ಲ ಕಡೆಯ ಅನುಭವವೂ ಹೇಳುತ್ತದೆ. ಗುಂಡು ಕೆಟ್ಟು ಹೀಗಾಗುವುದು ಅಪರೂಪ. ಮನೆಗೆ ಬಂದ ಮೇಲೆ ಹೊರಸು ಮತ್ತೆ ಗೆಲ್ಲುತ್ತದೆ.

ಹಿರೇಕೆರೂರಿನಲ್ಲಿ ಇದು ಇನ್ನೂ ಕಷ್ಟ. ಹತ್ತಿ ಬೀಜೋತ್ಪಾದನೆಯ ಸೀಮೆ ಅದು. ಕ್ರಾಸಿಂಗ್ ಕೆಲಸದ ದಿನಗಳಲ್ಲಿ ಮನೆಯ ಹೆಂಗಸರೆಲ್ಲ ನಸುಕಿಗೇ ಹೊಲಕ್ಕೆ ಹೋಗುತ್ತಾರೆ, ಹೂವು ಕಾಯುವುದಿಲ್ಲ. ಕಳೆದ ವರ್ಷ ರಟ್ಟೀಹಳ್ಳಿ ದಾರಿಯ ಒಂದು ಹಳ್ಳಿಯಲ್ಲಿ ಎಪ್ಪತ್ತೆಂಟರ ಅಜ್ಜಿ ಗುಂಡು ಹಾಕಿಸಿಕೊಂಡು ಬಂದು ಹಗಲೆಲ್ಲ ಒಬ್ಬಳೇ ಇರುತ್ತಿದ್ದಳು. ಎಂಟನೆಯ ಈಯತ್ತೆಯ ಮೊಮ್ಮಗಳಿಗೆ ಎಣಿಕೆ ಒಪ್ಪಿಸಿದೆ. ಸಾಲಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಎರಡು ಸಲ. ಪಡಸಾಲೆಯ ಕಂಬ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದು, ಕುರ್ಚಿಯಲ್ಲಿ ಕೂತು ಮೊಣಕಾಲು ನೆಟ್ಟಗೆ ಮಾಡುವುದು, ಅರ್ಧ ಬಸ್ಕಿ. ಹುಡುಗಿ ಸುಣ್ಣದ ಕಡ್ಡಿಯಿಂದ ಕಂಬದ ಮೇಲೆ ಗೆರೆ ಎಳೆಯುತ್ತಿದ್ದಳು.

ಭಾರಕ್ಕೆ ನಾನು ಬಳಸುವುದು ಜೋಳ. ಹಳೆಯ ಇಳಕಲ್ ಸೀರೆಯ ದಡಿಯಿಂದ ಹೊಲಿದ ಉದ್ದನೆಯ ಚೀಲ, ಎರಡೂ ತುದಿಗೆ ಕಸಿ. ಮನೆಯವರ ಜೋಳವನ್ನೇ ಅರ್ಧ ಕಿಲೋ ತೂಗಿ ತುಂಬಿ ಕಾಲಿನ ಗಂಟಿನ ಮೇಲೆ ಕಟ್ಟುತ್ತೇನೆ. ಎರಡು ವಾರಕ್ಕೆ ಮುಕ್ಕಾಲು, ಆಮೇಲೆ ಒಂದು. ಅಜ್ಜಿ ಮೊದಲ ವಾರ ಬರಿಗಾಲನ್ನೇ ಎತ್ತಲಾರದೆ ಅತ್ತಳು. ‘ನನ್ನ ಕಾಲು ನನಗ ಭಾರ ಆಗೇದವ್ವ’ ಎಂದಳು. ಐದನೆಯ ವಾರ ಅರ್ಧ ಕಿಲೋ ಕಟ್ಟಿದಾಗ ಚೀಲವನ್ನು ಕೈಯಲ್ಲಿ ತೂಗಿ ನೋಡಿ, ಇದರಲ್ಲಿ ಎಷ್ಟು ರೊಟ್ಟಿ ಆಗುತ್ತವೆ ಎಂದು ಮೊಮ್ಮಗಳನ್ನು ಕೇಳಿದಳು. ಹನ್ನೊಂದನೆಯ ವಾರ ಒಂದೂವರೆ ಕಿಲೋ. ಕಂಬದ ಒಂದು ಮಗ್ಗಲು ಗೆರೆಗಳಿಂದ ಬೆಳ್ಳಗಾಗಿತ್ತು.

ಹದಿಮೂರನೆಯ ವಾರ ನಾನು ಹೋದಾಗ ಅವಳು ಕಟ್ಟೆಯ ಮೇಲೆ ನಿಂತಿದ್ದಳು, ಕೋಲು ಎದುರು ಕೈಯಲ್ಲಿ. ಚೀಲ ಬಿಚ್ಚಿ ಜೋಳವನ್ನು ಮರದಲ್ಲಿ ಹಾಕಿ ಕೇರಿಸಿ, ಗಿರಣಿಗೆ ಕಳಿಸಿದ್ದಳು. ‘ಕುಂಡ್ರು, ಉಂಡ ಹೋಗು’ ಎಂದಳು. ಎತ್ತರ ಮಾಡಿದ ಒಲೆಕಟ್ಟೆಯ ಮುಂದೆ ನಿಂತುಕೊಂಡೇ ಎರಡು ರೊಟ್ಟಿ ಬಡಿದಳು, ಉಳಿದದ್ದನ್ನು ಸೊಸೆಗೆ ಬಿಟ್ಟಳು. ಅಗಸಿ ಚಟ್ನಿ, ಹೆಸರುಕಾಳು ಪಲ್ಯ, ಕೆನೆಮೊಸರು. ಊಟವಾದ ಮೇಲೆ ಖಾಲಿ ಚೀಲವನ್ನು ಒಗೆದು ಮಡಚಿ ನನ್ನ ಕೈಗೆ ಕೊಟ್ಟಳು. ಮರುದಿನ ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಅದರಲ್ಲಿ ಬೇರೆ ಮನೆಯ ಜೋಳ ತುಂಬಿ ತೂಗಿದೆ, ಅರ್ಧ ಕಿಲೋ.